ವರ್ಕಲಕ್ಕೆ ಹೊರಟ ಪುಟ್ಟಿಗೆ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಕೇರಳದ ವರ್ಕಲ, ಹಲಗೆಯ ಮೇಲೆ ನಿಂತು ತೆರೆಯಲ್ಲಿ ಜಾರುವ ಸರ್ಫಿಂಗ್ ಕ್ಲಾಸು, ಗುಡ್ಡದಂಚಿನ ನಡಿಗೆ, ಎಲ್ಲ ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀ. "ಉಳಿದವರಿಗೆಲ್ಲ ಈಜು ಬರುತ್ತದೆ, ನನಗೆ ಅಷ್ಟಕ್ಕಷ್ಟೆ. ಹೆದರಿಕೆ ಅಂದರೆ ನಗ್ತಾರೆ, ಸುಮ್ನೆ ಇಳಿದುಬಿಡ್ತೇನೆ." ಅದನ್ನು ಓದಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ದೊಡ್ಡಪ್ಪ ಅಳಿವೆಯಲ್ಲಿ ಮುಳುಗುವುದರಲ್ಲಿದ್ದ ಕಥೆ ನಿನಗೆ ಗೊತ್ತೇ ಇದೆ, ಪುನಃ ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ್ದು ಒಂದುಂಟು. ಅವನಿಗೆ ಆ ದಿನ ಇಳಿಯಲು ಮನಸ್ಸೇ ಇರಲಿಲ್ಲ. ಜೊತೆಗಿದ್ದವರು ನಗುತ್ತಾರೆ ಅಂತ ಅಂಗಿ ಬಿಚ್ಚಿದ್ದಂತೆ. ನೀರು ಎಳೆಯಲು ಶುರುವಾದ ಮೇಲೂ ಕೂಗಲು ನಾಚಿಕೆಯಾಯಿತಂತೆ. ಮೀನಿನವರ ದೋಣಿ ಅದೇ ದಾರಿಯಲ್ಲಿ ಬಂದದ್ದು ನಮ್ಮ ಪುಣ್ಯ. ಇದನ್ನು ಅವನು ನನ್ನ ಹತ್ತಿರ ಹೇಳಿದ್ದು ಹಾಸಿಗೆ ಹಿಡಿದ ಮೇಲೆ. ಅಷ್ಟು ವರ್ಷ ಒಬ್ಬನೇ ಹೊತ್ತುಕೊಂಡಿದ್ದ. ಮೊದಲೇ ಕೂತು ಕೇಳಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ಅದಾದ ಮೇಲೆ ಮನೆಯ ಹೆಣ್ಣುಮಕ್ಕಳಿಗೆ ಕಡಲ ಕಡೆ ಹೋಗುವುದೇ ಬಂದ್. ರಾತ್ರಿ ತೆರೆಯ ಸದ್ದು ಕೇಳಿಸುವ ಮನೆಯಲ್ಲಿ ಬೆಳೆದ ನಾನು ಇವತ್ತಿನವರೆಗೆ ಮೊಣಕಾಲಿಗಿಂತ ಮೇಲಿನ ನೀರಲ್ಲಿ ನಿಂತವಳಲ್ಲ. ತೆರೆ ವಾಪಸು ಹೋಗುವಾಗ ಹಿಮ್ಮಡಿಯಡಿಯ ಮರಳು ಜಾರಿ ಜಾರಿ ಹೋಗುತ್ತದಲ್ಲ, ನನಗೆ ಗೊತ್ತಿರುವ ಕಡಲು ಅಷ್ಟೇ. ಹಾಗಾಗಿ ಹೋಗಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹೋಗು. ಕಲಿ.

ಪಕ್ಕದ ಮನೆಯ ಹುಡುಗ ಮೂಲ್ಕಿಯಲ್ಲಿ ಸರ್ಫಿಂಗ್ ಕಲಿತವನು. ಅವನನ್ನು ಕರೆದು ಕೇಳಿದೆ. ನಮ್ಮ ಅಂಗಳದಲ್ಲೇ ಬೋರಲು ಮಲಗಿ, ಕೈ ಊರಿ ಛಕ್ಕನೆ ಎದ್ದು ತೋರಿಸಿದ. ಹಲಗೆಯ ಹಗ್ಗ ಕಾಲಿಗೆ ಕಟ್ಟಿರುತ್ತಾರಂತೆ. ಬಿದ್ದರೆ ತಲೆಗೆ ಎರಡೂ ಕೈ ಅಡ್ಡ ಹಿಡಿದು ಮೇಲೆ ಬರಬೇಕು. ಹಲಗೆ ತೇಲುತ್ತದೆ, ಅದನ್ನು ಬಿಟ್ಟು ಈಜಲು ಹೋಗಬಾರದು ಅಂದ.

ಇನ್ನೊಂದು ಹೇಳಿದ. ತೆರೆಗಳು ಸಾಲಾಗಿ ಒಡೆಯುತ್ತಿರುವಾಗ ನಡುವೆ ಒಂದು ಕಡೆ ಮಾತ್ರ ನೀರು ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಹೊಸಬರಿಗೆ ಅಲ್ಲೇ ಇಳಿಯೋಣ ಅನ್ನಿಸುತ್ತದೆ. ಆದರೆ ದಡಕ್ಕೆ ನುಗ್ಗಿದ ನೀರು ವಾಪಸು ಹೋಗುವ ದಾರಿ ಅದು. ಆ ಸೆಳೆತ ಅಡಿಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ಅದಕ್ಕೆ ಎದುರಾಗಿ ಈಜಿ ಸುಸ್ತಾದವರು ಮುಳುಗುತ್ತಾರೆ. ತೇಲಿಕೊಂಡು ದಡದ ಉದ್ದಕ್ಕೆ ಪಕ್ಕಕ್ಕೆ ಸರಿಯಬೇಕು, ಕೈ ಎತ್ತಿ ಕೂಗಬೇಕು. ಕೂಗಬೇಕು ಪುಟ್ಟಿ. ನೀನು ನಾಚಿ ಸುಮ್ಮನಿದ್ದರೆ ಲೈಫ್‌ಗಾರ್ಡ್‌ಗೆ ಹೇಗೆ ಗೊತ್ತಾಗಬೇಕು?

ಗುಡ್ಡದಂಚಿನ ನಡಿಗೆಗೆ ನನ್ನ ತಕರಾರಿಲ್ಲ. ಪಾಪನಾಶಂ ಬೀಚಿನ ಕಡೆಯಿಂದ ಉತ್ತರಕ್ಕೆ ಓಡಯಂ, ಮುಂದೆ ಕಾಪ್ಪಿಲ್ ತನಕ ನಡೆಯಬಹುದು. (ನಮ್ಮ ಬೇಕಲದ ಹತ್ತಿರವೂ ಒಂದು ಕಾಪ್ಪಿಲ್ ಉಂಟು, ಅದು ಬೇರೆ.) ಗುಡ್ಡದ ಮೇಲ್ಭಾಗ ನಮ್ಮಲ್ಲಿಯಂತೆ ಮುರಕಲ್ಲು, ಅಡಿಯಲ್ಲಿ ಮರಳುಕಲ್ಲು, ಜೇಡಿ. ಒರತೆ ನೀರಿಗೆ ಅಲ್ಲಲ್ಲಿ ಕುಸಿಯುತ್ತದೆ. ಅಂಚಿಗೆ ಹೋಗಿ ಫೋಟೋ ಬೇಡ, ಕೆಳಗೆ ಗುಡ್ಡಕ್ಕೆ ಒರಗಿ ಕೂರುವುದೂ ಬೇಡ. ಪುರುಸೊತ್ತಾದರೆ ಶಿವಗಿರಿಗೂ ಹೋಗಿ ಬಾ, ನಾರಾಯಣ ಗುರುಗಳ ಸಮಾಧಿ ಅಲ್ಲಿದೆ.

ಏಪ್ರಿಲ್ ಕೊನೆಗೆ ಅಂತ ಬರೆದಿದ್ದೀ. ನಿಮ್ಮ ರಜೆಯ ಲೆಕ್ಕ ನನಗೇನು ಗೊತ್ತು, ಆದರೂ ಹೇಳುತ್ತೇನೆ. ಆ ಹೊತ್ತಿಗೆ ಒಮ್ಮೊಮ್ಮೆ ಕಳ್ಳಕ್ಕಡಲ್ ಬರುತ್ತದೆ. ಇಲ್ಲಿ ಗಾಳಿಯಿಲ್ಲ, ಮಳೆಯಿಲ್ಲ. ದೂರದ ದಕ್ಷಿಣದ ಸಾಗರದಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆ ಕೆಲವು ದಿನ ಕಳೆದು ನಮ್ಮ ದಡಕ್ಕೆ ನುಗ್ಗುತ್ತದೆ. ಹೈದರಾಬಾದಿನಲ್ಲಿರುವ ಕಡಲಿನ ಮುನ್ಸೂಚನೆ ಸಂಸ್ಥೆ ಇನ್‌ಕಾಯಿಸ್‌ನವರು ಮೊದಲೇ ಎಚ್ಚರಿಕೆ ಕೊಡುತ್ತಾರೆ, ಟಿವಿಯಲ್ಲೂ ಹೇಳುತ್ತಾರೆ. ಅಂಥ ದಿನ ಕ್ಲಾಸಿಗೆ ಕಟ್ಟಿದ ದುಡ್ಡು ಹೋದರೆ ಹೋಗಲಿ. ಬೇಕಾದರೆ ನಾನು ಕೊಡುತ್ತೇನೆ. ಜನವರಿ, ಫೆಬ್ರವರಿಯಲ್ಲಿ ಹೋಗಲು ಆಗುವುದಾದರೆ ಇನ್ನೂ ಒಳ್ಳೆಯದು.

ಪುನಃ ಆ ಹೆದರಿಕೆಯ ಮಾತಿಗೇ ಬರುತ್ತೇನೆ, ಬೇಜಾರು ಮಾಡಬೇಡ. ನಿನ್ನ ಗೆಳತಿಯರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ದೊಡ್ಡಪ್ಪನ ಜೊತೆಗಿದ್ದವರೂ ಒಳ್ಳೆಯವರೇ, ಅವನಿಗೆ ಹೆದರಿಕೆ ಅಂತ ಗೊತ್ತಿದ್ದರೆ ನೀರಿಗೆ ಕರೆಯುತ್ತಿರಲಿಲ್ಲ. ಹೊರಡುವ ಮೊದಲೇ ಅವರಲ್ಲಿ ಒಬ್ಬಳ ಹತ್ತಿರ ಹೇಳಿಬಿಡು. ಕಲಿಸುವವರ ಹತ್ತಿರವೂ ಹೇಳು, ಈಜು ಸರಿಯಾಗಿ ಬರುವುದಿಲ್ಲ, ಸೊಂಟಮಟ್ಟದ ನೀರಲ್ಲೇ ಕಲಿಸಿ ಅಂತ. ನಿನ್ನಂಥವರು ಅವರ ಹತ್ತಿರ ದಿನಾ ಬರುತ್ತಾರೆ.

ಬೆಂಗಳೂರಿನಿಂದ ನೇರ ಹೋಗುವ ಬದಲು ಗೆಳತಿಯರನ್ನೂ ಕರೆದುಕೊಂಡು ಇಲ್ಲಿಗೆ ಬಂದು ಒಂದು ದಿನ ಇರಿ. ಸಂಜೆ ಕಾಸರಗೋಡಿನಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ವರ್ಕಲ. ರಾತ್ರಿಯ ಊಟ ನಾನು ಕಟ್ಟಿಕೊಡುತ್ತೇನೆ. ಎಷ್ಟು ಜನ, ಯಾವತ್ತು ಅಂತ ತಿಳಿಸು. ಗೆಳತಿಯ ಹತ್ತಿರ ಹೇಳಿದೆಯಾ ಇಲ್ಲವಾ ಅಂತಲೂ ಬರೆ.

ನಿನ್ನ
ಅತ್ತೆ