ಗೋಣಿಕೊಪ್ಪದ ಗುಜರಿ ಅಂಗಡಿಯ ಅಣ್ಣನಿಗೆ

ಗೋಣಿಕೊಪ್ಪದ ಗುಜರಿ ಅಂಗಡಿಯಲ್ಲಿ ತಕ್ಕಡಿ ಪಕ್ಕ ಕೂರುವ ಅಣ್ಣನಿಗೆ ಥ್ಯಾಂಕ್ಸ್ ಹೇಳಬೇಕಿತ್ತು. ಹೆಸರು ಕೇಳಿದರೆ ನಕ್ಕು ಸುಮ್ಮನಾದರು.

ಮಳೆಗಾಲದಲ್ಲಿ ನಾವು ಗೆಳೆಯರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕಿ ಕಥೆ ಕಟ್ಟುವ ಆಟ. ಅದೂ 1989ರ ಎರಡನೇ ಆವೃತ್ತಿ. 2000ನೇ ಇಸವಿಯಲ್ಲಿ ಮೂರನೆಯದು ಬಂದಾಗ ಲೆಕ್ಕವೇ ತಿರುಗಿತು. ಹಳೆಯದರಲ್ಲಿ ಕವಚದ ಅಂಕಿ (ಪಾತ್ರಕ್ಕೆ ಏಟು ತಾಗುವುದು ಎಷ್ಟು ಕಷ್ಟ ಅನ್ನುವ ಲೆಕ್ಕ) ಕಡಿಮೆಯಾದಷ್ಟೂ ಒಳ್ಳೆಯದು, ಹೊಸದರಲ್ಲಿ ಜಾಸ್ತಿಯಾದಷ್ಟೂ. ಹೊಸ ಪುಸ್ತಕ ಇಟ್ಟುಕೊಂಡು ಹಳೇ ಆಟ ಆಡೋಕಾಗಲ್ಲ, ಅಲ್ವಾ? ನಮ್ಮಲ್ಲಿದ್ದ ಹಳೇ ಆಟದ ನಿಯಮಗಳ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ಕಕ್ಕಡ ತಿಂಗಳ ಮಳೆಗೆ ಬೂಸ್ಟು ಹಿಡಿದು, ಹಾಳೆಗಳೆಲ್ಲ ಹಪ್ಪಳದ ಕಟ್ಟಿನಂತೆ ಅಂಟಿಕೊಂಡಿದ್ದವು. ಆನ್‌ಲೈನ್‌ನಲ್ಲಿ ಹಳೇ ಪ್ರತಿಗೆ ಹೇಳುವ ರೇಟು ಬಿಡಿ, ಕೇಳಿದರೆ ತಲೆ ತಿರುಗುತ್ತದೆ.

ಸುಮ್ನೆ ಇರಲಿ ಅಂತ ಈ ಅಣ್ಣನಿಗೆ ರಕ್ಷಾಪುಟದ ಫೋಟೋ ಕೊಟ್ಟು ಬಂದಿದ್ದೆ. ಯಾವುದೋ ತೋಟದ ಮನೆ ಖಾಲಿ ಮಾಡಿದ ಕಾಗದದ ರಾಶಿ ಬಂದಾಗ ಅವರೇ ಫೋನ್ ಮಾಡಿದರು. ‘ನಿಮ್ಮ ಕುದುರೆ ಸವಾರನ ಬುಕ್ ಸಿಕ್ಕಿದೆ, ಬನ್ನಿ.’

ಹೋಗಿ ನೋಡಿದರೆ ಬಲ್ಬಿನ ಕೆಳಗೆ ಒಣಗಲು ಇಟ್ಟಿದ್ದರು. ಅಂಟದಿರಲಿ ಅಂತ ನಡುನಡುವೆ ಪೇಪರ್ ತುಂಡು. ಕಿತ್ತುಬಂದ ಹಾಳೆಗಳನ್ನು ಪುಟಸಂಖ್ಯೆ ಪ್ರಕಾರ ಜೋಡಿಸಿ ಬೇರೆ ಕವರಿಗೆ ಹಾಕಿದ್ದರು. ‘ಇಂಗ್ಲಿಷ್ ಬರಲ್ಲ ಸಾರ್, ನಂಬರ್ ಬರುತ್ತಲ್ಲ’ ಅಂದರು. ಮಾಂತ್ರಿಕರ ಮಂತ್ರಗಳ ಭಾಗ ಪೂರ್ತಿ ಇದೆಯಾ ಅಂತ ನಾನು ಅಲ್ಲೇ ನಿಂತು ತಿರುವಿದೆ. ಇತ್ತು! ಜೀವ ಬಂದಂತಾಯಿತು.

ರದ್ದಿ ರೇಟಿಗೇ ತೂಗಿದರು. ಹೆಚ್ಚು ಕೊಟ್ಟರೆ ಚಹಾಕ್ಕಷ್ಟೇ ಇಟ್ಟುಕೊಂಡು ಉಳಿದದ್ದು ವಾಪಸ್ ಕೊಟ್ಟರು. ಬೈಕಲ್ಲಿ ನೆನೆಯದಿರಲಿ ಅಂತ ಗೊಬ್ಬರದ ಚೀಲದ ಒಳಕವರಿನಲ್ಲಿ ಸುತ್ತಿ, ಹಗ್ಗ ಕಟ್ಟಿದರು.

ಇದೇ ಆಟದ ರಾಕ್ಷಸರ ಪುಸ್ತಕ ಬಂದರೂ ಎತ್ತಿಡುತ್ತೇನೆ ಅಂದಿದ್ದಾರೆ. ಅದರ ಫೋಟೋವನ್ನೂ ಕಳಿಸಿದ್ದೇನೆ.