ಬೆಳಕಿಗಿಂತ ವೇಗ: ಆ ಹಳೇ ಫಾರ್ವರ್ಡ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ‘ಬೆಳಕನ್ನೂ ಮೀರಿಸಿದ ನ್ಯೂಟ್ರಿನೊ’ ಅನ್ನೋ ಸಂದೇಶ ಗುಂಪಿನಲ್ಲಿ ಮತ್ತೆ ಬಂದಿದೆ. (ನ್ಯೂಟ್ರಿನೊ ಅಂದರೆ ನೆಲವನ್ನೂ ತೂರಿ ಹೋಗಬಲ್ಲ ಅತಿ ಸಣ್ಣ ಕಣ.) ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಅದು 2011ರ ಸುದ್ದಿ, ಅದೂ ಅರ್ಧ ಮಾತ್ರ.

ನಡೆದದ್ದು ಇಷ್ಟು. ಜಿನೀವಾ ಹತ್ತಿರದ ಕಣ-ಸಂಶೋಧನಾ ಕೇಂದ್ರ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸ್ಸೊ ಬೆಟ್ಟದ ಒಳಗಿನ ಪ್ರಯೋಗಾಲಯಕ್ಕೆ ಸುಮಾರು 730 ಕಿ.ಮೀ. ನ್ಯೂಟ್ರಿನೊಗಳು ನೆಲದೊಳಗಿಂದ ನೇರವಾಗಿ ಹೋಗುತ್ತಿದ್ದವು. ಅಷ್ಟು ದೂರಕ್ಕೆ ಬೆಳಕಿಗೆ ಸುಮಾರು 2.4 ಮಿಲಿಸೆಕೆಂಡ್ ಬೇಕು. ಗ್ರಾನ್ ಸಾಸ್ಸೊದಲ್ಲಿ ಇವನ್ನು ಅಳೆದ ಒಪೆರಾ ತಂಡದ ಲೆಕ್ಕದಲ್ಲಿ ಇವು ಅದಕ್ಕಿಂತ ಸುಮಾರು 60 ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲಿ 60 ಭಾಗ) ಮೊದಲೇ ತಲುಪಿದ್ದವು. ತಂಡದವರು ಲೆಕ್ಕವನ್ನೆಲ್ಲ ಎಲ್ಲರ ಮುಂದಿಟ್ಟು, ಉಳಿದವರೂ ಪರಿಶೀಲಿಸಲಿ ಎಂದರು. ನನಗೆ ತುಂಬಾ ಇಷ್ಟವಾದದ್ದು ಇದೇ. 2012ರಲ್ಲಿ ಕಾರಣ ಸಿಕ್ಕಿತು. ಜಿಪಿಎಸ್ ಸಮಯದ ಸಂಕೇತ ತರುವ ಆಪ್ಟಿಕಲ್ ಫೈಬರ್ ಕೇಬಲ್ ಸರಿಯಾಗಿ ಕೂತಿರಲಿಲ್ಲ. ಸಂಕೇತ ತಡವಾಗಿ, ನ್ಯೂಟ್ರಿನೊ ಬೇಗ ಬಂದಂತೆ ಕಂಡಿತ್ತು. ಸರಿಪಡಿಸಿ ಅಳೆದಾಗ ಬೆಳಕನ್ನು ಮೀರಿಸಿದ ಗುರುತೇ ಇರಲಿಲ್ಲ. ಅಲ್ಲೇ ಇದ್ದ ಐಕಾರಸ್ ತಂಡದ ಅಳತೆಯೂ ಅದನ್ನೇ ಹೇಳಿತು.

‘ಎಂಟ್ಯಾಂಗಲ್‌ಮೆಂಟ್‌ನಿಂದ ಕ್ಷಣದಲ್ಲೇ ಸಂದೇಶ ಕಳಿಸಬಹುದು ಅಲ್ವಾ?’ ಅಂತ ಕೆಲವರು ಕೇಳಿದ್ದೀರಿ. (ಎಂಟ್ಯಾಂಗಲ್‌ಮೆಂಟ್ ಅಂದರೆ ಎರಡು ಕಣಗಳು ಒಂದಕ್ಕೊಂದು ಹೆಣೆದುಕೊಂಡಿರುವುದು.) ಆಗುವುದಿಲ್ಲ. ಇಂಥ ಜೋಡಿ ಕಣಗಳನ್ನು ಅಳೆದಾಗ ಬರುವ ಫಲಿತಾಂಶ ಎಷ್ಟು ದೂರದಲ್ಲಿದ್ದರೂ ತಾಳೆಯಾಗುತ್ತದೆ, ನಿಜ. 2022ರ ಭೌತಶಾಸ್ತ್ರದ ನೊಬೆಲ್ ಬಂದದ್ದೂ ಇದನ್ನು ತೋರಿಸಿದ ಪ್ರಯೋಗಗಳಿಗೇ. ಆದರೆ ನನ್ನ ಕಣದಲ್ಲಿ ಯಾವ ಫಲಿತಾಂಶ ಬರಬೇಕು ಅಂತ ನಾನು ಆರಿಸಲಾರೆ. ನಿಮ್ಮ ಕಡೆ ಕಾಣುವುದು ಸುಮ್ನೆ ಗೊತ್ತುಗುರಿಯಿಲ್ಲದ ಅಂಕಿಗಳು. ತಾಳೆ ನೋಡಬೇಕಾದರೆ ಫೋನೋ ರೇಡಿಯೋನೋ ಬೇಕೇ ಬೇಕು. ಅವು ಬೆಳಕಿನ ವೇಗವನ್ನು ದಾಟುವುದಿಲ್ಲ.

ಹಳೇ ಸಂದೇಶ ಹಾಕಿದವರು ಸಾಧ್ಯವಾದರೆ ಅಳಿಸಿಬಿಡಿ. ಅನುಮಾನ ಇದ್ದರೆ ಇಲ್ಲೇ ಕೇಳಿ.