ಮಕ್ಕಳ ಪ್ರಬಂಧ ಬರವಣಿಗೆಯ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಒಂಬತ್ತನೇ ತರಗತಿಯ ಮಕ್ಕಳು ವಚನ ಸಾಹಿತ್ಯದ ಬಗ್ಗೆ ಬರೆದೊಪ್ಪಿಸಿದ ಪ್ರಬಂಧಗಳನ್ನು ಕನ್ನಡ ಶಿಕ್ಷಕರ ಜೊತೆ ಕುಳಿತು ಓದಿದ ಮೇಲೆ ಈ ಪತ್ರವನ್ನು ಬರೆಯುತ್ತಿದ್ದೇನೆ. ‘ಎತ್ತಣ ಮಾಮರ, ಎತ್ತಣ ಕೋಗಿಲೆ’ ಎಂಬ ವಚನವನ್ನು ಹಲವರು ಬಸವಣ್ಣನವರದೆಂದು ಬರೆದಿದ್ದಾರೆ. ಅದು ಅಲ್ಲಮಪ್ರಭುಗಳ ವಚನ. ಕೊನೆಯಲ್ಲಿ ‘ಗುಹೇಶ್ವರ’ ಎಂಬ ಅಂಕಿತವೇ ಇದೆ. ಬಸವಣ್ಣನವರದಾಗಿದ್ದರೆ ಅಲ್ಲಿ ‘ಕೂಡಲಸಂಗಮದೇವ’ ಎಂದಿರಬೇಕಿತ್ತು. ವಿಚಾರಿಸಿದಾಗ, ಮೊಬೈಲಿಗೆ ಬಂದ ಸಂದೇಶದಲ್ಲಿ ಕೊನೆಯ ಸಾಲೇ ಇರಲಿಲ್ಲವೆಂದೂ ಮಕ್ಕಳು ಅದನ್ನೇ ಇಳಿಸಿಕೊಂಡಿದ್ದಾರೆಂದೂ ತಿಳಿಯಿತು. ಹನ್ನೆರಡನೇ ಶತಮಾನದಲ್ಲೇ ವಚನಕಾರರು ಮಾತಿನೊಳಗೇ ತಮ್ಮ ಗುರುತನ್ನು ಇಟ್ಟುಹೋಗಿದ್ದರೂ ನಾವು ಅದನ್ನು ಕತ್ತರಿಸಿ ಹಂಚುತ್ತಿದ್ದೇವಲ್ಲ ಎಂದು ಬೇಸರವಾಯಿತು.

ಆದ್ದರಿಂದ ಇನ್ನು ಮುಂದೆ ಮತ್ತೊಬ್ಬರ ಮಾತನ್ನು ಹಾಗೆಯೇ ಎತ್ತಿಕೊಂಡಲ್ಲೆಲ್ಲ ಮಕ್ಕಳು ಉದ್ಧರಣ ಚಿಹ್ನೆ ಹಾಕಿ, ಪುಟದ ಅಡಿಯಲ್ಲಿ ಲೇಖಕರ ಹೆಸರು, ಪುಸ್ತಕದ ಹೆಸರು, ಪ್ರಕಾಶಕರು, ಮುದ್ರಣದ ವರ್ಷ ಮತ್ತು ಪುಟಸಂಖ್ಯೆಯನ್ನು ಬರೆಯಬೇಕು. ಪುಟಸಂಖ್ಯೆಯ ವಿಷಯದಲ್ಲಿ ನಾನು ತುಸು ಹಟಮಾರಿ. ಮಗು ಪುಸ್ತಕವನ್ನು ತೆರೆದು ನೋಡಿದೆ ಎಂಬುದಕ್ಕೆ ಅದೇ ಸಾಕ್ಷಿ. ವಾಕ್ಯ ಸ್ವಂತದ್ದಾದರೂ ವಿಚಾರ ಬೇರೆಯವರದಾಗಿದ್ದರೆ ಅವರ ಹೆಸರು ಹೇಳಲೇಬೇಕು. ಅಂತರ್ಜಾಲದಿಂದ ಪಡೆದದ್ದಕ್ಕೆ ಜಾಲತಾಣದ ಹೆಸರು ಮತ್ತು ನೋಡಿದ ದಿನಾಂಕ ಇರಲಿ. ‘ಆಕರ: ಗೂಗಲ್’ ಎಂದು ಬರೆಯುವುದು, ಪುಸ್ತಕದ ಹೆಸರು ಕೇಳಿದರೆ ಗ್ರಂಥಾಲಯದ ಕಡೆ ಕೈ ತೋರಿಸಿದಂತೆ.

ಇನ್ನು ಕಾಗುಣಿತ. ‘ಹಾರ್ಧಿಕ ಶುಭಾಷಯಗಳು’ ಎಂಬ ಬ್ಯಾನರ್ ನಮ್ಮ ಶಾಲೆಯ ಗೇಟಿನ ಮೇಲೆಯೇ ಮೂರು ದಿನ ತೂಗಾಡಿತು. ನನ್ನ ಕಣ್ಣಿಗೂ ಬೀಳಲಿಲ್ಲ, ಎಂಟನೇ ತರಗತಿಯ ಹುಡುಗಿಯೊಬ್ಬಳು ಬಂದು ಹೇಳಿದಳು. ಶುಭ ಮತ್ತು ಆಶಯ ಸೇರಿ ಸವರ್ಣದೀರ್ಘ ಸಂಧಿಯಾದರೆ ‘ಶುಭಾಶಯ’, ಅಲ್ಲಿ ಷಕಾರಕ್ಕೆ ಎಡೆಯಿಲ್ಲ. ಹೃದಯಕ್ಕೆ ಸಂಬಂಧಿಸಿದ್ದು ‘ಹಾರ್ದಿಕ’ವಾದ್ದರಿಂದ ಮಹಾಪ್ರಾಣವೂ ಬೇಕಿಲ್ಲ. ಹೀಗೆ ಪದವನ್ನು ಬಿಡಿಸಿ ನೋಡುವ ರೂಢಿಯಾದರೆ, ಕೋಟಿ ಮತ್ತು ಅಧಿಪತಿ ಸೇರಿದಾಗ ‘ಕೋಟ್ಯಧಿಪತಿ’ ಆಗುತ್ತದೆಯೇ ಹೊರತು ‘ಕೋಟ್ಯಾಧಿಪತಿ’ ಆಗುವುದಿಲ್ಲವೆಂದು ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ. ‘ವಿಧ್ಯಾರ್ಥಿ’ ಎಂದು ಬರೆದ ವಿದ್ಯಾರ್ಥಿಗಳು ಎಷ್ಟು ಮಂದಿ ಎಂಬುದನ್ನು ಇಲ್ಲಿ ಹೇಳದಿರುವುದೇ ಒಳಿತು.

ತಪ್ಪುಗಳಿಗೆ ಅಡಿಗೆರೆ ಎಳೆದ ಪ್ರಬಂಧಗಳನ್ನು ಈ ಪತ್ರದೊಂದಿಗೆ ಕಳುಹಿಸಿದ್ದೇವೆ. ಸರಿಯಾದ ರೂಪವನ್ನು ನಾವು ಬರೆದುಕೊಟ್ಟಿಲ್ಲ, ದಯವಿಟ್ಟು ತಾವೂ ಬರೆದುಕೊಡಬೇಡಿ. ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು ಶಾಲೆಯ ಗ್ರಂಥಾಲಯದಲ್ಲಿದ್ದು, ಮಕ್ಕಳೇ ಅದನ್ನು ನೋಡಿ ತಿದ್ದಿಕೊಂಡು ಮುಂದಿನ ಶನಿವಾರದೊಳಗೆ ಪ್ರಬಂಧಗಳನ್ನು ಮರಳಿ ಒಪ್ಪಿಸಲಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು